ಹಾಸ್ಯ ಚಿತ್ರದ ಹೊಸ ಡಿಸ್ಕ್ ಕೊಳ್ಳಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ಮುಗಿದ ಮೇಲೆ ಕಾಫಿ ಕುಡಿಯುತ್ತಾ ನಿಂತಾಗ, ಭಾನುವಾರದ ಸಂತೆಯಲ್ಲಿ ಡಿಸ್ಕ್ ಹುಡುಕುವಾಗ, ಓದುಗರ ಪತ್ರಗಳಲ್ಲಿ, ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತನ್ನೇ ತಲೆಬರಹ ಮಾಡಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸುವಂಥದ್ದು ಆಮೇಲೆ.

## ಶುರುವಿಗೆ

ಕಾಮಿಡಿ ಪಿಕ್ಚರ್ ತಾನೇ, ಡಿವಿಡಿ ಸಾಕಲ್ವಾ? ಬ್ಲೂ-ರೇ ಎಲ್ಲಾ ಫೈಟಿಂಗ್ ಪಿಕ್ಚರ್‌ಗೆ ತಾನೇ ಬೇಕಾಗಿರೋದು?

ನನಗೆ ಇದು ಉಲ್ಟಾ ಅನಿಸುತ್ತದೆ. ಬಾಂಬ್ ಸಿಡಿಯುವುದು ಕೊಂಚ ಮಸುಕಾಗಿದ್ದರೂ ಸಿಡಿದದ್ದು ಗೊತ್ತಾಗುತ್ತದೆ. ನಗು ಅಷ್ಟು ಗಟ್ಟಿಯಲ್ಲ. ಒಂದು ಹುಬ್ಬು ಏರಿತು, ಕಣ್ಣು ಒಂದು ಸಲ ಪಕ್ಕಕ್ಕೆ ಹೊರಳಿತು, ತುಟಿ ಬಿಗಿಯಾಯಿತು, ಅಷ್ಟರಲ್ಲೇ ಎಲ್ಲ ಮುಗಿದಿರುತ್ತದೆ. ನರಸಿಂಹರಾಜು, ಬಾಲಕೃಷ್ಣ ಒಟ್ಟಿಗಿರುವ ದೃಶ್ಯಗಳನ್ನು ನೆನಪಿಸಿಕೊಳ್ಳಿ. ಮಾತಾಡುವವರ ಮುಖದಷ್ಟೇ ಪಕ್ಕದಲ್ಲಿ ಸುಮ್ಮನೆ ನಿಂತವರ ಮುಖವೂ ಕೆಲಸ ಮಾಡುತ್ತಿರುತ್ತದೆ. ಆ ಎರಡನೆಯ ಮುಖ ಮಸುಕಾದರೆ ಜೋಕಿನ ಅರ್ಧ ಹೋಯಿತು. ಹಾಗಾಗಿ ಹಾಸ್ಯ ಚಿತ್ರದ ಹೊಸ ಡಿಸ್ಕ್ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ: ನಗು ಬರಬೇಕಾದ ಜಾಗದಲ್ಲಿ, ಬರಬೇಕಾದ ಹೊತ್ತಿಗೆ ಬರುತ್ತಿದೆಯಾ? ಚಿತ್ರ ಎಷ್ಟು ಚೂಪಾಗಿದೆ ಅನ್ನುವುದು ಆಮೇಲಿನ ಮಾತು.

ವಿಸಿಡಿ, ಡಿವಿಡಿ, ಬ್ಲೂ-ರೇ, 4ಕೆ. ಇವುಗಳಲ್ಲಿ ನಿಜವಾಗಲೂ ಎಷ್ಟು ವ್ಯತ್ಯಾಸ?

ಚುಕ್ಕಿಗಳ (ಪಿಕ್ಸೆಲ್) ಲೆಕ್ಕ ನೋಡಿದರೆ ಸಾಕು. ವಿಸಿಡಿಯ ಚಿತ್ರ 352×288, ಅಂದರೆ ಸುಮಾರು 1 ಲಕ್ಷ ಚುಕ್ಕಿ. ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿವಿಡಿ 720×576, ಸುಮಾರು 4 ಲಕ್ಷ. ಬ್ಲೂ-ರೇ 1920×1080, 20 ಲಕ್ಷಕ್ಕೂ ಹೆಚ್ಚು. 4ಕೆ ಡಿಸ್ಕ್ 3840×2160, ಸುಮಾರು 83 ಲಕ್ಷ. ಬ್ಲೂ-ರೇ ಮಾರುಕಟ್ಟೆಗೆ ಬಂದದ್ದು 2006ರಲ್ಲಿ, 4ಕೆ ಡಿಸ್ಕ್ 2016ರಲ್ಲಿ.

ನಮ್ಮಲ್ಲಿ ಬಹಳ ಜನ ಹಳೆಯ ಹಾಸ್ಯ ಚಿತ್ರಗಳನ್ನು ನೋಡಿದ್ದೇ ವಿಸಿಡಿಯಲ್ಲಿ. ಒಂದರಲ್ಲಿ ಹೆಚ್ಚೆಂದರೆ 80 ನಿಮಿಷ ಹಿಡಿಯುತ್ತಿತ್ತು, ಹಾಗಾಗಿ ಇಂಟರ್ವಲ್‌ಗೆ ಎದ್ದು ಡಿಸ್ಕ್ ಬದಲಿಸಬೇಕಿತ್ತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿದಾಗ ಮನೆಮನೆಯಲ್ಲೂ ಡಿಸ್ಕ್ ರಾಶಿ ಬಿತ್ತು. ವಿಸಿಡಿಯಿಂದ ಬ್ಲೂ-ರೇಗೆ ಹೋದರೆ ಬೇರೆ ಸಿನಿಮಾನೇ ನೋಡಿದ ಹಾಗಿರುತ್ತದೆ. ಬ್ಲೂ-ರೇಯಿಂದ 4ಕೆಗೆ ಹೋದರೆ ಅಷ್ಟು ದೊಡ್ಡ ಜಿಗಿತ ಕಾಣುವುದಿಲ್ಲ.

ನಮ್ಮ ಮನೆ ಟಿವಿ 43 ಇಂಚು. 4ಕೆ ಡಿಸ್ಕ್ ತಗೊಂಡ್ರೆ ವ್ಯತ್ಯಾಸ ಗೊತ್ತಾಗುತ್ತಾ?

ಸೋಫಾ ಎಷ್ಟು ದೂರ ಇದೆ ಅಂತ ಟೇಪ್ ಹಿಡಿದು ಅಳೆಯಿರಿ. ಸಾಮಾನ್ಯ ಕಣ್ಣಿಗೆ 43 ಇಂಚಿನ ಟಿವಿಯಲ್ಲಿ ಬ್ಲೂ-ರೇಯ ಒಂದೊಂದು ಚುಕ್ಕಿ ಬಿಡಿಯಾಗಿ ಕಾಣುವುದು ಹೆಚ್ಚುಕಮ್ಮಿ ಐದೂವರೆ ಅಡಿಯವರೆಗೆ. 55 ಇಂಚಿನಲ್ಲಿ ಏಳು ಅಡಿ. ಅದರಾಚೆ ಕೂತರೆ 4ಕೆಯ ಹೆಚ್ಚುವರಿ ಚುಕ್ಕಿಗಳು ಕಣ್ಣಿಗೆ ಸಿಗುವುದೇ ಇಲ್ಲ. ನಮ್ಮ ಕಡೆಯ ಹಾಲ್‌ಗಳಲ್ಲಿ ಸೋಫಾ ಗೋಡೆಗೆ ಒರಗಿರುತ್ತದೆ, ಟಿವಿ ಎದುರು ಗೋಡೆಯಲ್ಲಿರುತ್ತದೆ, ನಡುವೆ ಎಂಟೊಂಬತ್ತು ಅಡಿ. ಅಂಥ ಮನೆಗೆ ಒಳ್ಳೆ ಬ್ಲೂ-ರೇ ಧಾರಾಳವಾಗಿ ಸಾಕು.

ಪ್ರೊಜೆಕ್ಟರ್ ಇದ್ದರೆ ಮಾತು ಬೇರೆ. ಕೆಲವು ಚಿತ್ರಗಳಿಗೆ ದೊಡ್ಡ ಪರದೆ ಬೇಕೇ ಬೇಕು. ಫ್ರೆಂಚ್ ನಿರ್ದೇಶಕ ಝಾಕ್ ತಾತಿಯ ‘ಪ್ಲೇಟೈಮ್’ (1967) ಸಾಮಾನ್ಯ ಫಿಲ್ಮ್‌ಗಿಂತ ಅಗಲವಾದ 65 ಎಂಎಂ ನೆಗೆಟಿವ್‌ನಲ್ಲಿ ತೆಗೆದ ಚಿತ್ರ. ಒಂದೇ ಶಾಟ್‌ನಲ್ಲಿ ಮೂಲೆಗೊಂದು ತಮಾಷೆ ನಡೆಯುತ್ತಿರುತ್ತದೆ, ಎಲ್ಲಿ ನೋಡಬೇಕು ಅಂತ ಯಾರೂ ತೋರಿಸಿಕೊಡುವುದಿಲ್ಲ. ಅದನ್ನು ಮಸುಕಾದ ಪ್ರತಿಯಲ್ಲಿ ನೋಡಿ ಬೋರ್ ಅಂದವರು ಒಳ್ಳೆ ಪ್ರತಿಯಲ್ಲಿ ಇನ್ನೊಮ್ಮೆ ನೋಡಬೇಕು ಅಂತ ನನ್ನ ಕೋರಿಕೆ.

ಓಟಿಟಿಯಲ್ಲೇ 4ಕೆ ಬರುತ್ತಲ್ಲ, ಡಿಸ್ಕ್ ಯಾಕೆ?

ಓಟಿಟಿಯ 4ಕೆ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ನಲ್ಲಿ ಬರುತ್ತದೆ. 4ಕೆ ಡಿಸ್ಕ್‌ನಲ್ಲಿ ಅದು 100 ದಾಟಬಹುದು. ಕತ್ತಲ ದೃಶ್ಯ, ಹೊಗೆ, ಫಿಲ್ಮ್‌ನ ಕಣ ಇರುವಲ್ಲಿ ಇದು ಎದ್ದು ಕಾಣುತ್ತದೆ. ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ: ಓಟಿಟಿಯಲ್ಲಿರುವ ಪ್ರತಿ ನಾಳೆ ಬದಲಾಗಬಹುದು, ಕಾಣೆಯೂ ಆಗಬಹುದು. ಕಪಾಟಿನಲ್ಲಿರುವ ಡಿಸ್ಕ್ ನಿಮ್ಮನ್ನು ಕೇಳದೆ ಎಲ್ಲೂ ಹೋಗುವುದಿಲ್ಲ.

ಅಮೆರಿಕದಿಂದ ಅಣ್ಣ ಬರ್ತಿದ್ದಾನೆ. ಡಿಸ್ಕ್ ತರಿಸಿದ್ರೆ ಇಲ್ಲಿ ಓಡುತ್ತಾ?

4ಕೆ ಡಿಸ್ಕ್ ಆದರೆ ಧೈರ್ಯವಾಗಿ ತರಿಸಿ, ಅದಕ್ಕೆ ರೀಜನ್ ಬೀಗ (ಒಂದು ಪ್ರದೇಶದ ಡಿಸ್ಕ್ ಇನ್ನೊಂದು ಪ್ರದೇಶದ ಪ್ಲೇಯರ್‌ನಲ್ಲಿ ಓಡದ ಹಾಗೆ ಹಾಕುವ ತಡೆ) ಇಲ್ಲ. ಬ್ಲೂ-ರೇಗೆ ಇದೆ: ಭಾರತ ಸಿ, ಅಮೆರಿಕ ಎ, ಬ್ರಿಟನ್ ಬಿ. ಡಿವಿಡಿಯಲ್ಲಿ ಭಾರತ 5, ಅಮೆರಿಕ 1. ಎಷ್ಟೋ ಬ್ಲೂ-ರೇಗಳಿಗೆ ಬೀಗ ಹಾಕಿರುವುದಿಲ್ಲ, ಆದರೆ ಕವರ್ ಹಿಂದೆ ನೋಡದೆ ಹಣ ಕಳಿಸಬೇಡಿ. ಪ್ಲೇಯರ್ ಕೂಡ ಅಲ್ಲಿಂದಲೇ ತರಿಸುವುದಾದರೆ ಅದು 110ರಿಂದ 240 ವೋಲ್ಟ್‌ವರೆಗೆ ತಡೆಯುತ್ತದಾ ಅಂತ ಮೊದಲು ನೋಡಿ. ಬರೀ 120 ವೋಲ್ಟ್‌ನದ್ದನ್ನು ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟೇ ಹೋಗುತ್ತದೆ. ಮನೆಯಲ್ಲಿ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಇದ್ದರೆ 4ಕೆ ಡಿಸ್ಕ್ ಅದರಲ್ಲೇ ಓಡುತ್ತದೆ. ಪ್ಲೇಸ್ಟೇಷನ್ 4ರಲ್ಲಿ ಬ್ಲೂ-ರೇ ಮಾತ್ರ.

## ಪ್ಲೇಯರ್‌ಗೆ ಹಾಕಿದ ಮೇಲೆ

ಹೊಸ ಡಿಸ್ಕ್ ಹಾಕಿದ್ರೂ ಟಿವಿ ಸೀರಿಯಲ್ ಥರ ಕಾಣುತ್ತೆ. ಡಿಸ್ಕ್ ಸರಿ ಇಲ್ವಾ?

ಡಿಸ್ಕ್‌ನದ್ದು ತಪ್ಪಿಲ್ಲ, ಟಿವಿಯ ಸೆಟ್ಟಿಂಗ್‌ನದ್ದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ ತನ್ನ ಕಡೆಯಿಂದ ನಡುನಡುವೆ ಚಿತ್ರಗಳನ್ನು ಹುಟ್ಟಿಸಿ ತುಂಬುತ್ತದೆ. ಬಾಳೆಹಣ್ಣಿನ ಸಿಪ್ಪೆ ಮೇಲೆ ಕಾಲಿಟ್ಟವನು ಧೊಪ್ಪನೆ ಬೀಳುವ ಬದಲು ತೇಲಿಕೊಂಡು ಬೀಳುತ್ತಾನೆ. ಸೆಟ್ಟಿಂಗ್‌ನಲ್ಲಿ ‘ಮೋಷನ್’ ಅಂತ ಏನಿದ್ದರೂ ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ‘ಸಿನಿಮಾ’. ಅಂಚು ಕತ್ತರಿಸುವ ‘ಓವರ್‌ಸ್ಕ್ಯಾನ್’ ತೆಗೆಯಿರಿ. ಇಷ್ಟು ಮಾಡದೆ ಯಾವ ಡಿಸ್ಕ್ ಬಗ್ಗೆಯೂ ತೀರ್ಪು ಕೊಡಬೇಡಿ.

ಹಳೇ ಡಿಸ್ಕ್, ಹೊಸ ಡಿಸ್ಕ್ ಎರಡೂ ಇದೆ. ಹೋಲಿಸೋದು ಹೇಗೆ?

ಇಡೀ ಸಿನಿಮಾ ಎರಡು ಸಲ ನೋಡುವುದು ಬೇಡ. ನಾಲ್ಕು ಜಾಗ ಆರಿಸಿಕೊಳ್ಳಿ. ಒಂದು, ಇಬ್ಬರು ಮೂವರು ಒಂದೇ ಚೌಕಟ್ಟಿನಲ್ಲಿದ್ದು ಒಬ್ಬರು ಮಾತಾಡಿ ಇನ್ನೊಬ್ಬರು ಕೇಳುವ ದೃಶ್ಯ. ಎರಡು, ರಾತ್ರಿಯದ್ದು ಅಥವಾ ದೀಪ ಆರಿದ ಮನೆಯೊಳಗಿನದ್ದು. ಮೂರು, ಬಿಸಿಲಿನಲ್ಲಿ ಬಿಳಿ ಅಂಗಿ, ಬಿಳಿ ಪಂಚೆ ಇರುವ ದೃಶ್ಯ. ನಾಲ್ಕು, ಮಾತು ಪಟಪಟನೆ ಹರಿಯುವ ಜಗಳ. ಒಂದೊಂದರಲ್ಲೂ ಒಂದೇ ಫ್ರೇಮ್‌ಗೆ ಎರಡೂ ಡಿಸ್ಕ್ ನಿಲ್ಲಿಸಿ, ಫೋನ್‌ನಲ್ಲಿ ಫೋಟೊ ತೆಗೆದು ಪಕ್ಕಪಕ್ಕ ಇಡಿ. ಆಮೇಲೆ ನಿಲ್ಲಿಸದೆ ಓಡಿಸಿ ನೋಡಿ. ಹೀಗೆ ಓಡಿಸಿ ನೋಡುವುದು ಫೋಟೊಗಿಂತ ಮುಖ್ಯ, ಯಾಕೆಂದರೆ ನಿಂತ ಚಿತ್ರ ನೋಡಿ ಯಾರೂ ನಗುವುದಿಲ್ಲ.

ನನ್ನ ಹತ್ತಿರ ಒಂದು ಹಳೆಯ ಕನ್ನಡ ಹಾಸ್ಯ ಚಿತ್ರದ ಎರಡು ಪ್ರತಿಗಳಿವೆ. ಊಟದ ಮೇಜಿನ ಹತ್ತಿರ ಯಜಮಾನ ಮಗನಿಗೆ ಬೈಯುತ್ತಿದ್ದಾನೆ. ಅಡುಗೆಮನೆ ಬಾಗಿಲಲ್ಲಿ, ಚೌಕಟ್ಟಿನ ಬಲತುದಿಯಲ್ಲಿ, ಅಡುಗೆಭಟ್ಟ ಕಾಫಿ ಲೋಟ ಹಿಡಿದು ನಿಂತಿದ್ದಾನೆ. ಬೈಗುಳ ಜೋರಾಗುತ್ತಿದ್ದ ಹಾಗೆ ಅವನು ಒಮ್ಮೆ ಯಜಮಾನನನ್ನು ನೋಡುತ್ತಾನೆ, ಒಮ್ಮೆ ಲೋಟ ನೋಡುತ್ತಾನೆ, ಆಮೇಲೆ ನಿಧಾನವಾಗಿ ತಾನೇ ಕುಡಿದುಬಿಡುತ್ತಾನೆ. ವಿಸಿಡಿಯಲ್ಲಿ ಬಲಗಡೆ ಕತ್ತರಿಸಿದ್ದಾರೆ, ಭಟ್ಟನ ಒಂದು ಭುಜ ಮಾತ್ರ ಉಳಿದಿದೆ. ಅದನ್ನು ನೋಡಿದವರಿಗೆ ಇದು ಅಪ್ಪ ಮಗನ ಜಗಳ. ಪೂರ್ತಿ ಚೌಕಟ್ಟು ಇರುವ ಡಿವಿಡಿಯಲ್ಲಿ ಇದು ಆ ಚಿತ್ರದ ಅತಿ ತಮಾಷೆಯ ದೃಶ್ಯ. ಆ ಡಿವಿಡಿಯ ಬಣ್ಣ ಮಾಸಿದೆ, ಗೀರುಗಳೂ ಇವೆ. ಆದರೂ ನಾನು ಆರಿಸುವುದು ಅದನ್ನೇ.

ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ. ಝೂಮ್ ಮಾಡಿ ನೋಡಬಹುದಾ?

ದಯವಿಟ್ಟು ಮಾಡಬೇಡಿ. ಸ್ಕೋಪ್ (ಅಗಲ ಪರದೆಯ) ಚಿತ್ರದ ಅಗಲ ಎತ್ತರದ 2.35 ಪಟ್ಟು, ಈಗಿನ ಟಿವಿಯದು 1.78 ಪಟ್ಟು. ಪಟ್ಟಿ ಬರಲೇಬೇಕು. ಹಳೆಯ ಚೌಕ ಟಿವಿಗೆ ತುಂಬಿಸಲು ಸ್ಕೋಪ್ ಚಿತ್ರ ಕತ್ತರಿಸಿದಾಗ ನೂರಕ್ಕೆ 40ಕ್ಕೂ ಹೆಚ್ಚು ಭಾಗ ಹೋಗುತ್ತಿತ್ತು. ಈಗ ಇದರ ಉಲ್ಟಾ ನಡೆಯುತ್ತಿದೆ. ಚೌಕವಾಗಿ ತೆಗೆದ ಹಳೆಯ ಚಿತ್ರಗಳನ್ನು ಅಗಲ ಟಿವಿಗೆ ಹೊಂದಿಸಲು ಮೇಲೆ ಕೆಳಗೆ ಕಾಲು ಭಾಗ ಹಾರಿಸುತ್ತಾರೆ. ತಲೆಯ ಮೇಲಿನ ಪೇಟ ಹೋಯಿತು, ಕೆಳಗೆ ಜಾರುವ ಪಂಚೆಯೂ ಹೋಯಿತು. ಹಳೆಯ ಕಪ್ಪುಬಿಳುಪು ಚಿತ್ರದ ಡಿಸ್ಕ್ ಹಾಕಿದಾಗ ಎಡಬಲಕ್ಕೆ ಕಪ್ಪು ಪಟ್ಟಿ ಕಂಡರೆ ಖುಷಿಪಡಿ.

ಹೊಸ ಬ್ಲೂ-ರೇಲಿ ಚಿತ್ರ ಪೂರ್ತಿ ಕಾಳು ಕಾಳಾಗಿ ಕಾಣುತ್ತೆ. ಕ್ಲೀನ್ ಮಾಡಿಲ್ವಾ?

ಆ ಕಾಳು ಫಿಲ್ಮ್‌ನದೇ ಕಣ. ಚಿತ್ರ ಆಗಿರುವುದೇ ಅದರಿಂದ. ಧೂಳು, ಗೀರು, ಕೂದಲು ತೆಗೆಯುವುದು ಬೇರೆ ಕೆಲಸ, ಅದನ್ನು ಮಾಡಲೇಬೇಕು. ಕಣವನ್ನೇ ಸಾಫ್ಟ್‌ವೇರ್‌ನಿಂದ ಒರೆಸಿದರೆ ಚರ್ಮದ ಗೆರೆಗಳೂ ಅದರ ಜೊತೆ ಹೋಗುತ್ತವೆ. ಮುಖ ಮೇಣದ ಬೊಂಬೆಯದಾಗುತ್ತದೆ. ನಟನ ಹಣೆಯ ಸುಕ್ಕು, ಕಣ್ಣಂಚಿನ ಗೆರೆ, ಕೆನ್ನೆಯ ಕಂಪನ, ಇವೇ ಹಾಸ್ಯನಟನ ಬಂಡವಾಳ. ಅದನ್ನು ಒರೆಸಿದ ಡಿಸ್ಕ್‌ಗೆ ಎಷ್ಟೇ ಹೊಳಪಿದ್ದರೂ ನಾನು ಹಣ ಕೊಡುವುದಿಲ್ಲ.

ಪರೀಕ್ಷೆ ಸುಲಭ. ಕ್ಯಾಮೆರಾ ಹತ್ತಿರ ಬಂದ ಶಾಟ್‌ನಲ್ಲಿ ವಯಸ್ಸಾದ ನಟರ ಮುಖ ನೋಡಿ. ಎಪ್ಪತ್ತರ ಅಜ್ಜನ ಹಣೆ ನುಣ್ಣಗಿದ್ದರೆ ಕೈಚಳಕ ನಡೆದಿದೆ. ಚಿತ್ರ ಅಲುಗಾಡುತ್ತಿದ್ದರೂ ಕಣಗಳು ಗಾಜಿನ ಮೇಲಿನ ಕೊಳೆಯ ಹಾಗೆ ಅಲ್ಲೇ ನಿಂತಿದ್ದರೆ ಅದೂ ಕೆಟ್ಟ ಕೆಲಸದ ಗುರುತು.

ಹಳೇ ಡಿವಿಡಿ 120 ನಿಮಿಷ, ಹೊಸ ಬ್ಲೂ-ರೇ 125 ನಿಮಿಷ. ಮೊದಲು ಜೋಕು ಕತ್ತರಿಸಿದ್ರಾ?

ಬಹುಶಃ ಏನೂ ಕತ್ತರಿಸಿಲ್ಲ. ಪಾಲ್ ಡಿವಿಡಿ ಸೆಕೆಂಡಿಗೆ 25 ಚಿತ್ರ ಓಡಿಸುತ್ತದೆ. 24ರಲ್ಲಿ ತೆಗೆದ ಸಿನಿಮಾವನ್ನು ಹಾಗೇ 25ರಲ್ಲಿ ಓಡಿಸಿದರೆ 125 ನಿಮಿಷದ್ದು ಸರಿಯಾಗಿ 120ಕ್ಕೆ ಮುಗಿಯುತ್ತದೆ. ದನಿಯೂ ಸ್ವಲ್ಪ ಕೀಚಲಾಗುತ್ತದೆ. ಗಡಸು ದನಿಯ ನಟನ ಗತ್ತು ಕಡಿಮೆಯಾಗುತ್ತದೆ, ಹಾಡಿನ ಶ್ರುತಿ ಏರುತ್ತದೆ. ಬ್ಲೂ-ರೇ 24ರಲ್ಲೇ ಓಡುವುದರಿಂದ ಮಾತಿನ ನಡುವಿನ ಬಿಡುವು ನಟ ಬಿಟ್ಟಷ್ಟೇ ಇರುತ್ತದೆ. ವ್ಯತ್ಯಾಸ ನೂರಕ್ಕೆ ನಾಲ್ಕೇ ಇರಬಹುದು, ಆದರೆ ನನಗೆ ಹೊಸ ಡಿಸ್ಕ್ ಕೊಳ್ಳಲು ಇದೊಂದೇ ಕಾರಣ ಸಾಕು. ಹಾಗಂತ ನಮ್ಮ ದೇಶದ ಎಲ್ಲ ಡಿವಿಡಿಯೂ ಹೀಗಲ್ಲ. ಇಲ್ಲಿ ಬಂದ ಎಷ್ಟೋ ಡಿವಿಡಿಗಳು ಅಮೆರಿಕದ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ. ಅವುಗಳಲ್ಲಿ ಅವಧಿ ಸರಿ ಇರುತ್ತದೆ. ಅಲ್ಲೂ ಐದು ನಿಮಿಷ ಕಡಿಮೆ ಬಂದರೆ ಆಗ ಕತ್ತರಿಯನ್ನೇ ಅನುಮಾನಿಸಿ.

5.1 ಸೌಂಡ್ ಇದ್ರೆ ಒಳ್ಳೇದಲ್ವಾ? ನೀವ್ಯಾಕೆ ಮೊನೊ ಹುಡುಕ್ತೀರಿ?

ಮೂಲ ಚಿತ್ರ ಮೊನೊದಲ್ಲಿ (ಸದ್ದೆಲ್ಲ ಒಂದೇ ವಾಹಿನಿಯಲ್ಲಿ) ಬಂದಿದ್ದರೆ ಮಾತು, ಹಿನ್ನೆಲೆ ಸಂಗೀತ, ಬಿದ್ದ ಸದ್ದು, ಪಾತ್ರೆ ಉರುಳಿದ ಸದ್ದು ಎಲ್ಲವನ್ನೂ ಒಂದೇ ಕಡೆ ಕೂರುವಂತೆ ತೂಗಿ ನೋಡಿ ಬೆರೆಸಿರುತ್ತಾರೆ. ಆಮೇಲೆ ಬಂದವರು ಅದನ್ನು ಸುತ್ತಲಿನ ಆರು ಸ್ಪೀಕರ್‌ಗೆ ಹಂಚಿ 5.1 ಮಾಡುವ ಹುಮ್ಮಸ್ಸಿನಲ್ಲಿ ಸಂಗೀತ ಏರಿಸುತ್ತಾರೆ. ಕೆಲವೊಮ್ಮೆ ಹಳೆಯ ಸದ್ದು ತೆಗೆದು ಹೊಸದನ್ನೇ ಹಾಕುತ್ತಾರೆ. ಕಪಾಳಕ್ಕೆ ಬಿದ್ದ ಏಟಿನ ಸದ್ದು ಬದಲಾದರೆ ತಮಾಷೆಯೂ ಬದಲಾಗುತ್ತದೆ. ಒಳ್ಳೆಯ ಡಿಸ್ಕ್ ಎರಡನ್ನೂ ಕೊಡುತ್ತದೆ. ಆಡಿಯೊ ಮೆನುವಿನಲ್ಲಿ ಮೂಲ ಮೊನೊ ಇದೆಯಾ ನೋಡಿ. ಬರೀ ಟಿವಿ ಸ್ಪೀಕರ್‌ನಲ್ಲಿ ಕೇಳುವವರಿಗಂತೂ ಮೊನೊ ಅಥವಾ ಸ್ಟೀರಿಯೊ ಹಾಕಿಕೊಂಡರೆ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಸಬ್‌ಟೈಟಲ್ ಓದಿ ಎಲ್ಲರೂ ಮೊದಲೇ ನಕ್ಕುಬಿಡ್ತಾರೆ. ಇದಕ್ಕೇನು ಮಾಡೋದು?

ಸಬ್‌ಟೈಟಲ್ ಮಾಡಿದವರ ಬೇಜವಾಬ್ದಾರಿ ಅದು. ಪೀಠಿಕೆಯ ಮಾತು, ಪಂಚ್ ಎರಡನ್ನೂ ಒಂದೇ ಸಲ ಎರಡು ಸಾಲಿನಲ್ಲಿ ತೋರಿಸಿದರೆ ನಟ ಬಾಯಿ ಬಿಡುವ ಮುಂಚೆ ಜೋಕು ಮುಗಿದಿರುತ್ತದೆ. ನಟ ನಿಲ್ಲಿಸಿದ ಕಡೆ ಸಾಲೂ ನಿಲ್ಲಬೇಕು, ಅವನು ಶುರು ಮಾಡಿದಾಗ ಮುಂದಿನದು ಬರಬೇಕು. ಹೊಸ ಡಿಸ್ಕ್‌ನಲ್ಲಿ ಮಾತಿನ ಜಗಳ ಇರುವ ಒಂದು ದೃಶ್ಯಕ್ಕೆ ಸಬ್‌ಟೈಟಲ್ ಹಾಕಿ ನೋಡಿ, ಹತ್ತು ಸಾಲಿನಲ್ಲಿ ಗೊತ್ತಾಗುತ್ತದೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಕವರ್ ಮೇಲೆ 4ಕೆ ಅಂತ ಇದೆ. ಒಳಗೆ ನಿಜವಾಗಲೂ 4ಕೆ ಇರುತ್ತಾ?

ಚಿತ್ರ ಯಾವ ಕಾಲದ್ದು ನೋಡಿ. ಫಿಲ್ಮ್‌ನಲ್ಲಿ ತೆಗೆದು ಲ್ಯಾಬ್‌ನಲ್ಲೇ ಮುಗಿಸಿದ ಹಳೆಯ ಚಿತ್ರವಾದರೆ ಮೂಲ ನೆಗೆಟಿವ್ ಅನ್ನು 4ಕೆಯಲ್ಲಿ ಸ್ಕ್ಯಾನ್ ಮಾಡಬಹುದು, ಫಲವೂ ಕಾಣುತ್ತದೆ. 2000ದ ನಂತರದ ಹದಿನೈದು ವರ್ಷಗಳಲ್ಲಿ ಬಂದ ಎಷ್ಟೋ ಹಾಸ್ಯ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ 2ಕೆ ಗಾತ್ರದಲ್ಲೇ (ಹೆಚ್ಚುಕಮ್ಮಿ ಬ್ಲೂ-ರೇಯಷ್ಟೇ ಚುಕ್ಕಿ) ಮುಗಿಸಿದ್ದಾರೆ. ಅದನ್ನು ಹಿಗ್ಗಿಸಿ 4ಕೆ ಡಿಸ್ಕ್ ಮಾಡಿರುತ್ತಾರೆ. ಬಣ್ಣ, ಬೆಳಕಿನಲ್ಲಿ ಲಾಭ ಇರಬಹುದು, ವಿವರ ಮಾತ್ರ ಹೆಚ್ಚುವುದಿಲ್ಲ. ಅಂಥ ಚಿತ್ರದ ಒಳ್ಳೆ ಬ್ಲೂ-ರೇ ಇದ್ದರೆ ದುಡ್ಡು ಉಳಿಸಿ. ಆ ಚಿತ್ರವನ್ನು ಮೊದಲ ಸಲ ಕೊಳ್ಳುವುದಾದರೆ ಎರಡರ ಬೆಲೆ ನೋಡಿ ನಿರ್ಧರಿಸಿ.

ಹೊಸದರಲ್ಲಿ ಬಣ್ಣವೇ ಬೇರೆ. ಯಾವುದು ಸರಿ?

ನೆನಪನ್ನು ನಂಬಬೇಡಿ. ನಮ್ಮ ನೆನಪಿನ ಬಣ್ಣ ಸವೆದ ಪ್ರಿಂಟ್‌ನದೋ ವಿಸಿಡಿಯದೋ ಆಗಿರುತ್ತದೆ. ‘ಸಹಜವಾಗಿದೆ’ ಅನ್ನುವುದೂ ಸಾಕ್ಷಿಯಲ್ಲ. ಕೊಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ (2000) ಹಾಸ್ಯ ಚಿತ್ರವೇ. ಮಿಸಿಸಿಪ್ಪಿಯಲ್ಲಿ ಗಿಡಮರ ಹಸಿರಾಗಿದ್ದ ಬೇಸಿಗೆಯಲ್ಲಿ ತೆಗೆದದ್ದು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಆ ಹಸಿರನ್ನೆಲ್ಲ ಕಂಪ್ಯೂಟರ್‌ನಲ್ಲಿ ಒಣಗಿದ ಹಳದಿಯಾಗಿ ಬದಲಿಸಿದರು. ಇಡೀ ಚಿತ್ರದ ಬಣ್ಣವನ್ನು ಹೀಗೆ ಡಿಜಿಟಲ್ ಆಗಿ ತಿದ್ದಿದ್ದರಲ್ಲಿ ಅದು ಮೊದಲ ಸಾಲಿನದು. ಅದರ ಡಿಸ್ಕ್‌ನಲ್ಲಿ ಹುಲ್ಲು ಹಸಿರಾಗಿ ಕಂಡರೆ ಅದೇ ತಪ್ಪು.

ಛಾಯಾಗ್ರಾಹಕರು ಅಥವಾ ನಿರ್ದೇಶಕರು ಮುಂದೆ ನಿಂತು ಒಪ್ಪಿದ್ದಾರಾ ಅಂತ ಕವರ್ ಮೇಲೆ ಹುಡುಕಿ. ಎಚ್‌ಡಿಆರ್ (ಬೆಳಕು, ಕತ್ತಲೆಯ ಅಂತರ ಹಿಗ್ಗಿಸಿ ತೋರಿಸುವ ವಿಧಾನ) ಇದ್ದರೆ ಹಿಂದಿನ ಕಿಟಕಿ, ಟ್ಯೂಬ್‌ಲೈಟ್ ನೋಡಿ. ಅವು ಕಣ್ಣಿಗೆ ಹೊಡೆಯುವಷ್ಟು ಹೊಳೆದರೆ ದೃಷ್ಟಿ ಮುಖ ಬಿಟ್ಟು ಅತ್ತ ಓಡುತ್ತದೆ. ಹಾಸ್ಯ ಚಿತ್ರಕ್ಕೆ ಅದು ನಷ್ಟ.

4ಕೆಯಲ್ಲಿ ವಿಗ್‌ನ ಅಂಟು, ಕಟ್ಟಿದ ತಂತಿ ಎಲ್ಲಾ ಕಾಣುತ್ತೆ. ಅಳಿಸಬೇಕಿತ್ತಲ್ವಾ?

ಬೇಡ. ಥಿಯೇಟರಿನ ಪ್ರಿಂಟ್ ಆಗುವಷ್ಟರಲ್ಲಿ ನೆಗೆಟಿವ್‌ನಿಂದ ಎರಡು ಮೂರು ತಲೆಮಾರು ದಾಟಿರುತ್ತಿತ್ತು, ಅಂಟು ಅಲ್ಲೇ ಮರೆಯಾಗುತ್ತಿತ್ತು. ಮಾಡಿದವರಿಗೆ ಅದು ಗೊತ್ತಿತ್ತು. ಬಿಲ್ಲಿ ವೈಲ್ಡರ್ ‘ಸಮ್ ಲೈಕ್ ಇಟ್ ಹಾಟ್’ (1959) ಚಿತ್ರವನ್ನು ಕಪ್ಪುಬಿಳುಪಿನಲ್ಲಿ ತೆಗೆದದ್ದಕ್ಕೆ ಒಂದು ಕಾರಣ, ಹೆಣ್ಣುವೇಷದ ದಪ್ಪ ಮೇಕಪ್ ಬಣ್ಣದಲ್ಲಿ ಹಸಿರು ಛಾಯೆ ಕೊಡುತ್ತಿತ್ತು. ಅಷ್ಟು ಯೋಚಿಸಿದವರ ಕೆಲಸವನ್ನು ನಾವು ಅಳಿಸುತ್ತಾ ಕೂರುವುದು ಸರಿಯಲ್ಲ. ತಂತಿ ಕಂಡರೆ ಕಾಣಲಿ.

ಮೂಕಿ ಹಾಸ್ಯ ಚಿತ್ರಗಳ ಬೇರೆ ಬೇರೆ ಡಿಸ್ಕ್ ಇವೆ. ಯಾವುದು ತಗೊಳ್ಳಲಿ?

ಎರಡು ವಿಷಯ ನೋಡಿ. ಮೊದಲನೆಯದು ವೇಗ. ಕೈಯಲ್ಲಿ ತಿರುಗಿಸುತ್ತಿದ್ದ ಕ್ಯಾಮೆರಾದಲ್ಲಿ ಸೆಕೆಂಡಿಗೆ 16ರಿಂದ 24ರವರೆಗೆ ಎಷ್ಟಾದರೂ ಇರಬಹುದು. ಎಲ್ಲವನ್ನೂ ಕಣ್ಣುಮುಚ್ಚಿ 24ರಲ್ಲಿ ಓಡಿಸಿದ ಅಗ್ಗದ ಡಿಸ್ಕ್‌ಗಳಲ್ಲಿ ಎಲ್ಲರೂ ಇರುವೆಗಳಂತೆ ಓಡಾಡುತ್ತಾರೆ. ಆಗಿನವರೂ ಬೇಕಂತಲೇ ಕೊಂಚ ವೇಗವಾಗಿ ತೋರಿಸುತ್ತಿದ್ದರು ನಿಜ, ಆದರೆ ಅಷ್ಟಲ್ಲ.

ಎರಡನೆಯದು, ಯಾವ ಆವೃತ್ತಿ ಅನ್ನುವುದು. ಚಾಪ್ಲಿನ್ ‘ದಿ ಗೋಲ್ಡ್ ರಷ್’ ಮಾಡಿದ್ದು 1925ರಲ್ಲಿ. 1942ರಲ್ಲಿ ತಾವೇ ಚಿಕ್ಕದು ಮಾಡಿ, ಸಂಗೀತ ಸೇರಿಸಿ, ಬರಹದ ಫಲಕ ತೆಗೆದು ತಮ್ಮ ದನಿಯಲ್ಲೇ ಕಥೆ ಹೇಳಿ ಮತ್ತೆ ಬಿಡುಗಡೆ ಮಾಡಿದರು. ಎರಡೂ ಇರುವ ಡಿಸ್ಕ್ ಸಿಕ್ಕರೆ ಬಿಡಬೇಡಿ. ಒಂದೇ ಸಿಗುವುದಾದರೆ ನನ್ನ ಒಲವು 1925ರದ್ದಕ್ಕೆ.

‘ಎಕ್ಸ್‌ಟೆಂಡೆಡ್’, ‘ಅನ್‌ರೇಟೆಡ್’ ಅಂತ ಇರೋದನ್ನೇ ತಗೊಳ್ಳೋದು ಒಳ್ಳೇದಾ?

ಸಾಮಾನ್ಯವಾಗಿ ಅಲ್ಲ. ಎಡಿಟರ್ ತೆಗೆದು ಹಾಕಿದ ಜೋಕನ್ನು ವಾಪಸ್ ತುರುಕಿದರೆ ಪಕ್ಕದ ಒಳ್ಳೆ ಜೋಕೂ ಸೊರಗುತ್ತದೆ. ಥಿಯೇಟರ್ ಆವೃತ್ತಿ ಅದೇ ಡಿಸ್ಕ್‌ನಲ್ಲಿ ಇದ್ದರೆ ಮಾತ್ರ ಕೊಳ್ಳಿ.

ಹೊಸದು ಬಂದ ಮೇಲೆ ಹಳೇದು ಮಾರಬಹುದಾ?

ಮೊದಲು ಎರಡರ ಹೆಚ್ಚುವರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಟರ ಮಾತುಕತೆ, ಬಿಟ್ಟ ದೃಶ್ಯ, ನಗು ತಡೆಯಲಾಗದೆ ಕೆಟ್ಟ ಟೇಕ್‌ಗಳು ಹೊಸ ಡಿಸ್ಕ್‌ಗೆ ಬರದೇ ಇರುವುದು ತುಂಬ ಸಲ ಆಗುತ್ತದೆ.

ಕನ್ನಡದ ಹಾಸ್ಯ ಚಿತ್ರಗಳಿಗೆ ಇಂಥ ಡಿಸ್ಕ್ ಯಾಕಿಲ್ಲ?

ಈ ಪ್ರಶ್ನೆಗೆ ಉತ್ತರಿಸುವಾಗ ಬೇಜಾರಾಗುತ್ತದೆ. ನಮ್ಮ ಹಳೆಯ ಚಿತ್ರಗಳ ಸಂಸ್ಕರಣೆ ಬಹುಪಾಲು ನಡೆದದ್ದು ಮದ್ರಾಸಿನ ಲ್ಯಾಬ್‌ಗಳಲ್ಲಿ. ನಿರ್ಮಾಪಕರು ಇಲ್ಲಿ, ನೆಗೆಟಿವ್ ಅಲ್ಲಿ. ಬಾಡಿಗೆ ಕಟ್ಟಿ ತಂಪಾದ ಕೋಣೆಯಲ್ಲಿ ಇಡಿಸಿದವರು ಕಡಿಮೆ. ಸೆಖೆಗೆ, ತೇವಕ್ಕೆ ಫಿಲ್ಮ್ ವಿನೆಗರ್ ವಾಸನೆ ಹೊಡೆದು ಸುರುಟಿಕೊಳ್ಳುತ್ತದೆ. ಬಣ್ಣವೂ ಮಾಸುತ್ತದೆ. ಟಿವಿ ಹಕ್ಕು ಒಬ್ಬರದು, ವಿಡಿಯೊ ಹಕ್ಕು ಇನ್ನೊಬ್ಬರದು ಆದಾಗ ಸ್ಕ್ಯಾನ್‌ಗೆ ಹಣ ಹಾಕುವವರು ಯಾರು?

ಆದರೆ ಆಗದ ಕೆಲಸವೇನಲ್ಲ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) 4ಕೆಯಲ್ಲಿ ದುರಸ್ತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅದಕ್ಕೆ ಸಿಕ್ಕ ಗೌರವ ಪೂರ್ತಿ ನ್ಯಾಯ. ಅದೇ ಕಾಳಜಿ ನಮ್ಮನ್ನು ನಗಿಸಿದ ಚಿತ್ರಗಳಿಗೂ ಸಿಗಬೇಕು ಅನ್ನುವುದು ನನ್ನ ಹಠ. ಪ್ರಶಸ್ತಿ ಬಂದ ಚಿತ್ರ ಮಾತ್ರ ಉಳಿಯಬೇಕು, ಹಾಸ್ಯ ಚಿತ್ರ ಟಿವಿಯಲ್ಲಿ ಮಧ್ಯಾಹ್ನ ಬಂದರೆ ಸಾಕು ಅನ್ನುವ ಮನಸ್ಸು ಇರುವವರೆಗೆ ನೆಗೆಟಿವ್‌ಗಳು ಕೊಳೆಯುತ್ತಲೇ ಇರುತ್ತವೆ.

ಹಾಗಾದ್ರೆ ಅಪ್ಪನ ಹತ್ರ ಇರೋ ಕನ್ನಡ ವಿಸಿಡಿಗಳನ್ನು ಎಸೀಬಾರ್ದಾ?

ಖಂಡಿತ ಎಸೆಯಬೇಡಿ. ಕೆಲವು ಚಿತ್ರಗಳಿಗೆ ಜನರ ಕೈಯಲ್ಲಿ ಉಳಿದ ಪ್ರತಿಯೇ ಅದಾಗಿರಬಹುದು. ಟಿವಿಯಲ್ಲಿ ಬಾರದ ದೃಶ್ಯ ಅದರಲ್ಲಿ ಇರಬಹುದು. ಡಿಸ್ಕ್ ಅನ್ನು ದೀಪಕ್ಕೆ ಹಿಡಿದು ನೋಡಿ. ಸೂಜಿ ಚುಚ್ಚಿದಂತೆ ಬೆಳಕು ಬಂದರೆ ಒಳಗಿನ ಪದರ ಹಾಳಾಗುತ್ತಿದೆ, ತಡ ಮಾಡಬೇಡಿ. ಕಂಪ್ಯೂಟರ್‌ಗೆ ಹಾಕಿ ‘ಎಂಪೆಗ್‌ಎವಿ’ (MPEGAV) ಫೋಲ್ಡರ್ ತೆರೆಯಿರಿ, ಒಳಗೆ ‘ಡ್ಯಾಟ್’ (.DAT) ಫೈಲ್‌ಗಳಿರುತ್ತವೆ. ಹಾಗೇ ನಕಲು ಮಾಡಿಕೊಳ್ಳಿ, ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಸಾಫ್ಟ್‌ವೇರ್‌ನಲ್ಲಿ ಓಡುತ್ತವೆ. ಬೇರೆ ಫಾರ್ಮ್ಯಾಟ್‌ಗೆ ಬದಲಿಸಲು ಹೋಗಬೇಡಿ, ಇರುವ ಕೊಂಚ ಗುಣಮಟ್ಟವೂ ಹೋಗುತ್ತದೆ. ಫೋಲ್ಡರ್‌ಗೆ ಚಿತ್ರದ ಹೆಸರು, ವರ್ಷ, ಡಿಸ್ಕ್ ತಂದ ಕಂಪನಿಯ ಹೆಸರು ಬರೆದಿಡಿ. ಕವರ್‌ನ ಎರಡೂ ಬದಿಯ ಫೋಟೊ ಅದರ ಜೊತೆಗೇ ಇರಲಿ.